ಗೋಡೆಗೆ ತಲೆ ಆನಿಸಬಾರದು

ಕಾಲುವೆ ನೀರು ಬಂದು ಕಂಪ್ಲಿಯ ಸುತ್ತ ವರ್ಷಕ್ಕೆ ಎರಡು ಬೆಳೆ ಭತ್ತ ಬರತೊಡಗಿದ ಮೇಲೆ ನಮ್ಮಪ್ಪನ ರೈಸ್ ಮಿಲ್ಲು ನಿಲ್ಲುವುದನ್ನೇ ಮರೆತಿತ್ತು. ಅದರ ಪಕ್ಕದ ಜಾಗದಲ್ಲಿ ಅಪ್ಪ ಹೊಸ ಮನೆ ಕಟ್ಟಿಸಿದ. ಹಳೆಯ ಮನೆಯಲ್ಲಿ ಪಡಸಾಲೆ ಇತ್ತು. ಅಲ್ಲಿ ಸದಾ ಒಂದು ಜಮಖಾನೆ ಹಾಸಿರುತ್ತಿತ್ತು. ಬಂದ ನೆಂಟರು, ಮಿಲ್ಲಿನ ಹಮಾಲರು, ಅವ್ವ, ನಾವು ಮಕ್ಕಳು, ಯಾರಾದರೂ ಸರಿ, ಗೋಡೆಗೆ ಒರಗಿ ಕಾಲು ಚಾಚಿ ಕೂಡಬಹುದಿತ್ತು. ಹೊಸ ಮನೆಯಲ್ಲಿ ಪಡಸಾಲೆಯ ಜಾಗಕ್ಕೆ ಹಾಲ್ ಬಂತು. ಹೆಸರಿನ ಜೊತೆ ಕೂಡುವವರೂ ಬದಲಾದರು.

ಹೊಸಪೇಟೆಯಿಂದ ಮಿಲ್ಲಿನ ಲಾರಿಯಲ್ಲಿ ಸೋಫಾ ಸೆಟ್ ಬಂತು. ಗಾಜಿನ ಶೋಕೇಸ್ ಬಂತು. ಗೋಡೆಗೆ ತಿಳಿಹಸಿರು ಬಣ್ಣ ಬಂತು. ಆ ಬಣ್ಣದ ಜೊತೆಗೇ ಅಪ್ಪನ ಹೊಸ ಕಾಯಿದೆಯೂ ಬಂತು. “ಗ್ವಾಡಿಗೆ ಯಾರೂ ತಲಿ ಆನಿಸಬ್ಯಾಡ್ರಿ. ಎಣ್ಣಿ ಕಲಿ ಹತ್ತತೈತಿ.”

ಇಷ್ಟೆಲ್ಲ ತಂದಿಟ್ಟರೂ ಹಾಲ್ ಅಂಗಡಿಯ ಗೋದಾಮಿನಂತೆ ಕಾಣುತ್ತಿತ್ತು. ಅದನ್ನು ಮನೆ ಮಾಡಿದವಳು ಅವ್ವ. ಕಿಟಕಿಯ ಬಿಸಿಲು ಬಂದವರ ಕಣ್ಣಿಗೆ ಹೊಡೆಯದ ಹಾಗೆ ಸೋಫಾ ತಿರುಗಿಸಿ ಹಾಕಿಸಿದಳು. ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ ಪರದೆ ಹೊಲಿದಳು. ಸೋಫಾದ ಬೆನ್ನಿಗೆ ಬಿಳಿ ದಾರದ ಕವರು ಹೆಣೆದಳು. ಕಾಲ ಕೆಳಗೆ ಹಾಸಲು ಒಂದು ಚೌಕುಳಿ ಕೌದಿ ಹೊಲಿದಳು. ಬಾಗಿಲ ಎದುರಿನ ಗೋಡೆಗೆ ಬಣ್ಣದ ಮಣಿ ಪೋಣಿಸಿ ‘ಸುಸ್ವಾಗತ’ ಎಂದು ಬರೆದು, ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದಳು. ಮಿಲ್ಲಿನ ತೌಡಿನ ಧೂಳು ಗಳಿಗೆಗೊಮ್ಮೆ ಬಂದು ಎಲ್ಲದರ ಮೇಲೂ ಕೂಡುತ್ತಿತ್ತು. ಅದನ್ನು ಒರೆಸಿದವಳೂ ಅವಳೇ. ಆ ಹಾಲ್‌ನಲ್ಲಿ ಧೂಳಿಗಿದ್ದ ಸ್ವಾತಂತ್ರ್ಯ ಅವ್ವನಿಗಿರಲಿಲ್ಲ.

ಗಂಡಸರು ಕೂತಲ್ಲಿ ಹೆಂಗಸರು ಕೂಡಬಾರದು ಎಂಬುದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಗಂಡಸರು ಇಲ್ಲದಾಗಲೂ, ಯಾರಾದರೂ ಬಂದಾರು ಎಂದು ಆ ಜಾಗ ಖಾಲಿ ಇರಬೇಕು. ಸಂಡೂರಿನಿಂದ ಗಣಿಯ ಕಂತ್ರಾಟುದಾರರು ಬರುತ್ತಿದ್ದರು, ಅವರ ಬೂಟಿನ ಕೆಂಪು ಮಣ್ಣು ಕೌದಿಗೆ ಮೆತ್ತುತ್ತಿತ್ತು. ಡ್ಯಾಮಿನ ಕಡೆಯಿಂದ ಸಾಹೇಬರು ಬರುತ್ತಿದ್ದರು. ಒಳಬಾಗಿಲ ಪರದೆ ಸರಿಸಿ ಎರಡು ಕೈ ಮಂಡಕ್ಕಿ, ಮಿರ್ಚಿ, ಚಹಾದ ತಟ್ಟೆಯನ್ನು ಹೊರಗೆ ಚಾಚುತ್ತಿದ್ದವು. ಬಳೆ ಇದ್ದದ್ದರಿಂದ ಅವು ಹೆಂಗಸಿನ ಕೈ ಎಂದು ಅತಿಥಿಗಳಿಗೆ ಗೊತ್ತಾಗುತ್ತಿತ್ತು, ಅಷ್ಟೇ.

“ಸಾವ್ಕಾರ್ರ, ನಿಮ್ಮ ಹಾಲ್‌ನ್ಯಾಗ ಕುಂತ್ರ ಏಳಾಕ ಮನಸ ಬರಂಗಿಲ್ಲ ನೋಡ್ರಿ,” ಎಂದು ಒಬ್ಬರು ಅಂದರೆ ಅಪ್ಪ ಮೀಸೆಯಲ್ಲೇ ನಗುತ್ತಿದ್ದ. “ಏನ್ ಮಹಾ ಬಿಡ್ರಿ, ಒಂದೀಟು ನೀಟಾಗಿ ಇಟ್ಟೀನಿ.”

ಇಟ್ಟೀನಿ! ಪರದೆಯ ಈಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ನನಗೆ ಮೈ ಉರಿಯುತ್ತಿತ್ತು. ಅವ್ವ ಮಾತ್ರ, ಅವರಿಗೆ ಹಿಡಿಸಿತಲ್ಲ, ಎಂದು ಖುಷಿಪಡುತ್ತಿದ್ದಳು. ಅವಳಿಗಿದ್ದ ಆಸೆ ಒಂದೇ. ತಾನು ಮಾಡಿದ ಈ ಹಾಲ್‌ನಲ್ಲಿ ತನ್ನ ಅಕ್ಕನನ್ನು ಒಂದು ದಿನ ಕೂಡಿಸಿ ಚಹಾ ಕೊಡಬೇಕು. ದೊಡ್ಡವ್ವ ಕಾಲುವೆ ದಂಡೆಯ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದವಳು. ಅವ್ವನಿಗೆ ಸೂಜಿ ಹಿಡಿಯಲು, ಕೌದಿ ಹೊಲಿಯಲು ಕಲಿಸಿದವಳು ಅವಳೇ. ಬಂದಾಗಲೆಲ್ಲ ಹಿತ್ತಿಲ ಬಾಗಿಲಿನಿಂದ ಬಂದು, ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, ಹಾಗೇ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪ ಹೊಸಪೇಟೆಗೆ ಹೋಗಿದ್ದ. ದೊಡ್ಡವ್ವ ನಾಟಿ ಗದ್ದೆಯಿಂದ ನೆಟ್ಟಗೆ ಬಸ್ ಹತ್ತಿ ಬಂದಿದ್ದಳು. ಅವ್ವ ಅವಳ ಕೈ ಹಿಡಿದು ಹಾಲ್‌ಗೆ ಎಳೆದಳು.

“ಬ್ಯಾಡವ್ವ, ನನ್ನ ಸೀರಿ ಕೆಸರಾಗೈತಿ.”

“ಕೆಸರಿನ್ಯಾಗ ಭತ್ತ ಬೆಳದದ್ದಕ್ಕ ಈ ಸೋಫಾ ಬಂದೈತಿ. ಸುಮ್ನ ಕುಂದ್ರಕ್ಕಾ.”

ದೊಡ್ಡವ್ವ ಅಂಚಿನಲ್ಲಿ ಕೂತಳು. ಅವ್ವ ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತಿಗೆ ಕಾಲು ಮಡಚಿ ಮೇಲಿಟ್ಟುಕೊಂಡಳು. ಶೋಕೇಸಿನ ಕಪ್ಪುಗಳಲ್ಲಿ ನಾನು ಚಹಾ ತಂದುಕೊಟ್ಟೆ. ದೊಡ್ಡವ್ವ ಸೋಫಾದ ಕವರನ್ನು ತಿರುವಿ ಹಾಕಿ ನೋಡಿ, “ಹಿಂದಿನ ಮಗ್ಗಲನೂ ಮುಂದಿನಷ್ಟ ಚಂದ ಹೆಣದೀಯಲ್ಲಲೇ,” ಅಂದಳು. ಅವ್ವ ಅವತ್ತು ನಕ್ಕ ನಗೆಯನ್ನು ಆ ಮನೆಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಜೀಪಿನ ಸದ್ದಾಯಿತು. ಅಪ್ಪ ಬೇಗ ಬಂದಿದ್ದ, ಜೊತೆಗೆ ಡ್ಯಾಮಿನ ಸಾಹೇಬರೊಬ್ಬರು. ಬೂಟಿನ ಸಪ್ಪಳ ಕೇಳಿದ್ದೇ ತಡ, ಅವ್ವ ಪರದೆಯ ಹಿಂದೆ ಇದ್ದಳು. ಯೋಚಿಸಿ ಹೋದದ್ದಲ್ಲ, ಅವಳ ಕಾಲಿಗೆ ಬಿದ್ದಿದ್ದ ಅಭ್ಯಾಸ ಅದು. ಹಾಲ್‌ನ ನಡುವೆ ಕೆಸರಿನ ಸೀರೆಯಲ್ಲಿ, ಕೈಯಲ್ಲಿ ಕಪ್ಪು ಹಿಡಿದು ದೊಡ್ಡವ್ವ ಒಬ್ಬಳೇ ನಿಂತಿದ್ದಳು.

ಅಪ್ಪ ಅವಳನ್ನು ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು, ಅವಳು ಕೂತೆದ್ದ ಜಾಗವನ್ನು ಪಟಪಟ ಝಾಡಿಸಿದ.

“ಕುಂದ್ರಿ ಸಾಹೇಬ್ರ. ಹೊಲದ ಕೆಲಸದಾಕಿ, ಕೂಲಿ ಕೇಳಾಕ ಬಂದಿದ್ಲು.”

ದೊಡ್ಡವ್ವ ಕಪ್ಪನ್ನು ಜೋಪಾನವಾಗಿ ಟೀಪಾಯಿಯ ಮೇಲಿಟ್ಟು ಹಿತ್ತಿಲ ಕಡೆಯಿಂದ ಹೊರಟುಹೋದಳು. ಪರದೆಯ ಹಿಂದೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೊರಗೆ ಬಂದು, “ಆಕಿ ನಮ್ಮಕ್ಕ,” ಎನ್ನಲಿಲ್ಲ. ಅಪ್ಪ ಚಹಾ ಎಂದು ಕೂಗಿದಾಗ ಅದೇ ಎರಡು ಕೈ ಪರದೆ ಸರಿಸಿ ತಟ್ಟೆ ಚಾಚಿದವು.

ಆಮೇಲೆ ಜಗಳವಾಗಲಿಲ್ಲ. ನಮ್ಮಲ್ಲಿ ಅದೆಲ್ಲ ಜಗಳವಾಗುವ ಸಂಗತಿಯೇ ಅಲ್ಲ. ದೊಡ್ಡವ್ವ ಮಾತ್ರ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಅವ್ವ ಹಾಲ್‌ಗೆಂದು ಸೂಜಿ ಹಿಡಿಯುವುದನ್ನು ಬಿಟ್ಟಳು. ಹೊಸ ಕವರು ಬೇಕು ಎಂದು ಅಪ್ಪ ಕೇಳಿದರೆ, “ನನಗ ಕಣ್ಣ ಕಾಣಂಗಿಲ್ಲ,” ಅನ್ನುತ್ತಿದ್ದಳು. ಅದೇ ಕಣ್ಣಿನಿಂದ ಸಂಜೆಯ ಮಬ್ಬಿನಲ್ಲಿ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದಳು.

ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ ಅವ್ವ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹಮಾಲರು ಬಂದು ಸೋಫಾ ಎತ್ತಿ ಅಂಗಳಕ್ಕೆ ಇಟ್ಟರು. ಓಣಿಯ ಹೆಂಗಸರು ಮುತ್ತೈದೆ ಎಂದು ಅವ್ವನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೂ ಮುಡಿಸಿ, ಹಣೆ ತುಂಬ ವಿಭೂತಿ ಬಳಿದರು. ಹಾಲ್‌ನ ತಿಳಿಹಸಿರು ಗೋಡೆಗೆ ಒರಗಿಸಿ, ಬೀಳದ ಹಾಗೆ ಕಿಟಕಿಯ ಸರಳಿಗೆ ಬಟ್ಟೆ ಕಟ್ಟಿ ಕೂಡಿಸಿದರು. ಸಾಹೇಬರು, ಕಂತ್ರಾಟುದಾರರು, ಗಿರಾಕಿಗಳು ಎಲ್ಲರೂ ಬಂದು ಅವಳ ಮುಂದೆ ಕೈಮುಗಿದು ನಿಂತರು. ಅವಳ ಮುಖವನ್ನು ಅವರಲ್ಲಿ ಬಹಳ ಜನ ನೋಡಿದ್ದೇ ಅವತ್ತು.

ದೊಡ್ಡವ್ವ ಮುಂಬಾಗಿಲಿನಿಂದಲೇ ಬಂದಳು. ಅಪ್ಪ ಅಳುತ್ತ, “ಬರ್ರಿ ಅಕ್ಕಾರ, ಕುಂದ್ರಿ,” ಎಂದು ಎಲ್ಲರ ಎದುರೂ ಕರೆದ. ದೊಡ್ಡವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವ್ವನ ಪಕ್ಕದಲ್ಲಿ ಕೂತು ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

“ಈಗರ ಕುಂತಿಯಲ್ಲವ್ವ. ಯಾರ ಬಂದ್ರೂ ಏಳಬ್ಯಾಡ.”

ಕಾರ್ಯವೆಲ್ಲ ಮುಗಿದ ಮೇಲೆ ಸೋಫಾ ಒಳಗೆ ಬಂತು. ಗೋಡೆಯ ಮೇಲೆ ಅವ್ವ ತಲೆ ಆನಿಸಿದ್ದ ಜಾಗದಲ್ಲಿ ಅಂಗೈಯಷ್ಟು ಎಣ್ಣೆಯ ಕಲೆ ಉಳಿದಿತ್ತು. ನಾನು ಗಂಡನ ಮನೆಗೆ ಹೊರಡುವ ಮೊದಲೇ ಅಪ್ಪ ಪೇಂಟರನ್ನು ಕರೆಸಿದ. ಬಂದವರು ನೋಡಿದರೆ ಚೆನ್ನಾಗಿರುವುದಿಲ್ಲವಂತೆ. ನಾನು ನೋಡುತ್ತಿದ್ದ ಹಾಗೆ ಕಲೆಯ ಮೇಲೆ ಹಸಿರು ಬಣ್ಣ ಬಿತ್ತು.

ಅವತ್ತಿನಿಂದ ಅಪ್ಪ ಇರುವವರೆಗೂ ತವರಿಗೆ ಹೋದಾಗಲೆಲ್ಲ ನಾನು ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಹೋಗುತ್ತಿದ್ದೆ. ಬಂದ ಅತಿಥಿಗಳೆಲ್ಲ ಸೋಫಾದಲ್ಲಿ ಕೂತಿದ್ದಾಗ ಹಾಲ್‌ಗೆ ಹೋಗಿ, ಕಿಟಕಿಯ ಪಕ್ಕದ ಗೋಡೆಯ ಆ ಜಾಗಕ್ಕೇ ತಲೆ ಆನಿಸಿ, ನೆಲದ ಮೇಲೆ ಕೂಡುತ್ತಿದ್ದೆ. ಅಪ್ಪ ನೋಡುತ್ತಿದ್ದ. ನಾನು ಏಳುತ್ತಿರಲಿಲ್ಲ.