ಭೂಮಿಯ ಬುಡ ಅಂಟಿಸುವ ದಕ್ಷಿಣದಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ಲೋಬು ತಯಾರಿಸುವ ಕಾರ್ಖಾನೆಯ ಉದ್ದನೆಯ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ನಿನ್ನೆ ಮುಚ್ಚಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಗ್ಲೋಬನ್ನು ತಲೆಕೆಳಗು ಮಾಡಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಾರೆ. ಒಂಬತ್ತಕ್ಕೆ ಶಾಲೆಗಳಿಗೆ ಹೊರಡುವ ಲಾರಿ ಬರಬೇಕು.

"ನಿನ್ನೆ ಸಂಜೆ ಯಾಕೋ ಕೈ ಕೂರ್ಲಿಲ್ಲ. ಅದಕ್ಕೇ ಎಲ್ಲಾ ಇನ್ನೊಮ್ಮೆ ನೋಡ್ತಿದ್ದೀನಿ," ಎನ್ನುತ್ತಾರೆ.

ಗೋಳದ ಬುಡಕ್ಕೆ ಅಂಗೈಯಗಲದ ಅಂಟಾರ್ಕ್ಟಿಕಾ ಅಂಟಿಸುವುದು ಇವರ ಕೆಲಸ. ದಿನಕ್ಕೆ ನಲವತ್ತು, ಇಪ್ಪತ್ತಾರು ವರ್ಷದಿಂದ. ಜೊತೆಯವರು ಇಟ್ಟ ಹೆಸರು ದಕ್ಷಿಣದಮ್ಮ. ಓದಿದ್ದು ನಾಲ್ಕನೇ ತರಗತಿ. ಆದರೆ ಆ ಹಿಮದ ಖಂಡ ಅವರಿಗೆ ಅಂಗೈ ಗೆರೆಯಷ್ಟೇ ಪರಿಚಿತ.

"ಖಂಡದಿಂದ ಹೊರಗೆ ಚಾಚಿದೆಯಲ್ಲ, ಈ ಬಾಲ ದಕ್ಷಿಣ ಅಮೆರಿಕದ ತುದಿಗೆ ಮುಖ ಮಾಡ್ಬೇಕು. ಬಾಲದ ಈ ಮಗ್ಗುಲಿಗೆ ವೆಡೆಲ್ ಸಮುದ್ರ, ಆ ಮಗ್ಗುಲಿಗೆ ಬೆಲ್ಲಿಂಗ್ಸ್‌ಹೌಸನ್, ಆಮೇಲೆ ಅಮಂಡ್ಸನ್. ರಾಸ್ ಸಮುದ್ರ ನ್ಯೂಜಿಲೆಂಡಿನ ಕೆಳಗೆ ಬರ್ಬೇಕು. ನಡುವೆ ಬೆಟ್ಟದ ಸಾಲು. ಅಣ್ಣತಮ್ಮಂದಿರು ಪಾಲಾದಾಗ ಮನೆಗೆ ಗೋಡೆ ಎಬ್ಬಿಸ್ತಾರಲ್ಲ, ಹಾಗೆ. ಆಚೆ ಪೂರ್ವದ ಪಾಲು ದೊಡ್ಡದು, ಈಚೆ ಪಶ್ಚಿಮದ್ದು ಚಿಕ್ಕದು. ಕಾಗದ ಎರಡು ಬೆರಳು ತಿರುಗಿದ್ರೂ ಎಲ್ಲಾ ಕಡಲೂ ದಿಕ್ಕೆಡ್ತವೆ."

ಪಾರ್ಶ್ವವಾಯು ಬಡಿದು ಗಂಡ ಹಾಸಿಗೆ ಹಿಡಿದು ಒಂಬತ್ತು ವರ್ಷ. ಮನೆ ನಡೆಯುವುದು ಇವರ ಕೈಯಿಂದಲೇ. ಆರು ತಿಂಗಳಿಂದ ಎಡಗಣ್ಣಿಗೆ ಪೊರೆ ಬಂದು ಮಂಜು ಕವಿದಿದೆ. ಬಲಗಣ್ಣಿಗೂ ಈಗ ಶುರುವಾಗಿದೆ. ಅದು ಗೊತ್ತಿರುವುದು ಪ್ಯಾಕಿಂಗ್ ಮಾಡುವ ನಾದಿನಿಗೆ ಮಾತ್ರ.

ಮೂವತ್ತೊಂದನೇ ಪೆಟ್ಟಿಗೆ ಬಿಚ್ಚಿದಾಗ ಅವರ ಕೈ ನಿಲ್ಲುತ್ತದೆ. ಬಾಲ ಆಫ್ರಿಕಾದ ಕಡೆಗಿದೆ. ಮುಂದಿನ ಒಂಬತ್ತರಲ್ಲಿ ಇನ್ನೂ ಮೂರು ಹಾಗೆಯೇ.

"ಅತ್ತಿಗೆ, ಬುಡ ಯಾರು ನೋಡ್ತಾರೆ? ಸುಮ್ನೆ ಮುಚ್ಚಿ. ಹೇಳಿದ್ರೆ ಕಣ್ಣಿನ ವಿಷಯಾನೂ ಹೊರಗೆ ಬರುತ್ತೆ," ನಾದಿನಿ ಪಿಸುಗುಡುತ್ತಾರೆ.

ದಕ್ಷಿಣದಮ್ಮ ನಾಲ್ಕನ್ನೂ ಪಕ್ಕಕ್ಕಿಟ್ಟು ತಮ್ಮ ಸ್ಟೂಲಿನ ಮೇಲೆ ಕೂರುತ್ತಾರೆ. ಕಾರ್ಖಾನೆ ಯಜಮಾನರ ಚಪ್ಪಲಿ ಸದ್ದು ಕೇಳುತ್ತಲೇ ಎದ್ದು, ನಾಲ್ಕೂ ಗ್ಲೋಬುಗಳನ್ನು ಅವರ ಮೇಜಿನ ಮೇಲಿಡುತ್ತಾರೆ. ತಪ್ಪನ್ನೂ ಕಣ್ಣನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಕಣ್ಣು ಹೋಯ್ತು ಅಂದ್ರೆ ಕೆಲಸ ಹೋಯ್ತು ಅಂತ ತಾನೆ, ಯಜಮಾನ್ರೇ."

ಯಜಮಾನರು ನಾಲ್ಕೂ ಗ್ಲೋಬುಗಳ ಬುಡ ತಿರುಗಿಸಿ ನೋಡುತ್ತಾರೆ. ಆಮೇಲೆ ಲಾರಿಯವನಿಗೆ ಫೋನು ಮಾಡಿ, ಎರಡು ಗಂಟೆಗೆ ಬಾ ಎನ್ನುತ್ತಾರೆ. "ಮೊದಲು ಆಪರೇಷನ್ ಮಾಡಿಸ್ಕೊಳ್ಳಿ. ಅಲ್ಲೀವರೆಗೆ ನಾದಿನಿಗೆ ಕಲಿಸಿ."

ಕಲಿಸಿ ಎಂದರೆ ಏನರ್ಥ? ತಮ್ಮ ಸ್ಟೂಲು ತಮಗೇ ಉಳಿಯುತ್ತದೆಯೇ? ಕೇಳಲು ಧೈರ್ಯ ಸಾಲದು. ಒದ್ದೆ ಬಟ್ಟೆಯಿಂದ ಹಳೆಯದನ್ನು ನೆನೆಸಿ ಕಿತ್ತು, ಹೊಸ ಕಾಗದ ಕೂರಿಸುತ್ತಾರೆ. ನಾದಿನಿ ಸಣ್ಣಕ್ಷರ ಓದಿ ಹೇಳುತ್ತಾರೆ.

ಆಪರೇಷನ್ ಬರುವ ಗುರುವಾರ. "ಏನಾಗುತ್ತೋ, ಭಯ ಅಂತೂ ಇದೆ," ಎನ್ನುತ್ತ ಕೈ ಒರೆಸಿಕೊಳ್ಳುತ್ತಾರೆ. "ಆದ್ರೆ ಇಪ್ಪತ್ತಾರು ವರ್ಷದಲ್ಲಿ, ನನಗೆ ಗೊತ್ತಿದ್ದೂ ಒಂದು ತಪ್ಪು ಭೂಮಿ ಈ ಬಾಗಿಲು ದಾಟಿಲ್ಲ. ಇವತ್ತೂ ದಾಟ್ಲಿಲ್ಲ."