ಬಿತ್ತನೆಯ ತಡಗುಣಿ

ಒಣಗಿದ ತಡಗುಣಿ ಕಾಳನ್ನು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಒಂದು ಹಸಿ ವಾಸನೆ ಏಳುತ್ತದೆ. ಪೂರಾ ಅಡಿಗೆಯ ವಾಸನೆಯೂ ಅಲ್ಲ, ಪೂರಾ ಹೊಲದ ವಾಸನೆಯೂ ಅಲ್ಲ. ಮೊನ್ನೆ ಸಂಜೆ ಜಪಮಾಲೆ ಹಿಡಿದು ತೂಕಡಿಸುತ್ತಿದ್ದವಳಿಗೆ ಆ ವಾಸನೆ ಮೂಗಿಗೆ ಬಡಿದು ಎಚ್ಚರವಾಯಿತು. ನಾನು ಜಪ ಮಾಡುತ್ತಿದ್ದೆನೆಂದೇ ಮನೆಯವರ ನಂಬಿಕೆ. ನೀವೂ ಹಾಗೆಯೇ ನಂಬಿದರೆ ಉಪಕಾರವಾಗುತ್ತದೆ.

ನಾನಿರುವುದು ಹಾಸನದಲ್ಲಿ, ತಂಗಿಯ ಮಗನ ಮನೆಯಲ್ಲಿ. ಅವನ ಹೆಂಡತಿ ಅಂಗಡಿಯಿಂದ ಪೊಟ್ಟಣ ತಂದು ನೆನೆಹಾಕಿದ್ದಳು. ಪೊಟ್ಟಣದ ಮೇಲೆ ಅಲಸಂದೆ ಎಂದು ಅಚ್ಚಾಗಿತ್ತು. ನಮ್ಮ ಅರಕಲಗೂಡಿನ ಕಡೆ ಅದನ್ನು ತಡಗುಣಿ ಎನ್ನುತ್ತಾರೆ. ನನಗೆ ಬೇರೆ ಸಾರು ಮಾಡುವುದಾಗಿ ಹುಡುಗಿ ತಾನಾಗಿಯೇ ಹೇಳಿದಳು. ತಡಗುಣಿ ತಿಂದರೆ ನನಗೆ ವಾಯು ಎನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೇಳಿದವಳು ನಾನೇ. ವಾಯು ಎಂಬುದು ಮುದುಕಿಯರಿಗೆ ದೇವರು ಕೊಟ್ಟ ದೊಡ್ಡ ವರ, ಅದರ ಮೇಲೆ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಿಜ ಸಂಗತಿ ಬೇರೆ ಇದೆ. ಅದನ್ನು ನಿಮಗೆ ಹೇಳುತ್ತೇನೆ.

ನನ್ನನ್ನು ಹೊಳೆನರಸೀಪುರದಿಂದ ಕೊಣನೂರಿನ ಹತ್ತಿರದ ಒಂದು ಹಳ್ಳಿಗೆ ಎರಡನೆಯ ಹೆಂಡತಿಯಾಗಿ ಕೊಟ್ಟಾಗ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಮೊದಲನೆಯವಳು ಲಕ್ಕಮ್ಮ, ಹಾಸನದ ಹತ್ತಿರ ಮೊಸಳೆ ಎಂಬ ಊರಿನ ಕಡೆಯ ಹೆಣ್ಣು. ಅವಳಿಗೆ ಮಕ್ಕಳಾಗಿರಲಿಲ್ಲ, ಆ ಕಾರಣಕ್ಕೇ ನಾನು ಬಂದದ್ದು. ಅವಳನ್ನು ಅಕ್ಕ ಎಂದು ಕರೆಯಬೇಕೆಂದು ಅಪ್ಪ ಗಾಡಿಯಲ್ಲೇ ಹೇಳಿಕೊಟ್ಟಿದ್ದರು. ಸವತಿಯರ ಜಗಳದ ಕಥೆ ಬರುತ್ತದೆಂದು ಕಾದವರಿಗೆ ನಿರಾಸೆಯಾಗಬಹುದು. ಜಗಳಕ್ಕೆ ಬೇಕಾದ ಮನಸ್ಸು ಅವಳಲ್ಲಿ ಉಳಿದಿರಲಿಲ್ಲ, ಬೇಕಾದ ಬುದ್ಧಿ ನನಗೆ ಇನ್ನೂ ಬಂದಿರಲಿಲ್ಲ.

ನಮ್ಮ ಸೀಮೆಯಲ್ಲಿ ರಾಗಿ ಹೊಲದ ನಡುನಡುವೆ ಒಂದೊಂದು ಸಾಲು ಅವರೆ, ತಡಗುಣಿ ಹಾಕುತ್ತಾರೆ. ಅದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ರಾಗಿ ಗಂಡಸರ ಪಾಲಿನದು, ಅಕ್ಕಡಿ ಹೆಂಗಸರದು. ಬೀಜ ಎತ್ತಿಡುವವಳು ಮನೆಯೊಡತಿ. ಬಿತ್ತನೆಯ ದಿನ ಕಾಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆದು ಸಾಲಿಗೆ ಬಿಡುವವಳೂ ಅವಳೇ. ಅಕ್ಕನ ತಡಗುಣಿ ತವರಿನಿಂದ ಮಡಿಲಕ್ಕಿಯ ಜೊತೆ ಬಂದದ್ದು. ಸಣ್ಣ ಕಾಳು, ಬಿಳಿ ಮೈ, ಕಾಡಿಗೆ ಹಚ್ಚಿದಂಥ ಕಣ್ಣು. ಪ್ರತಿವರ್ಷ ಬೂದಿ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೇರಿಸುತ್ತಿದ್ದಳು. ಆ ಮನೆಯಲ್ಲಿ ಅವಳದು ಎನ್ನುವಂಥದ್ದು ಆ ಗಡಿಗೆಯೊಂದೇ.

ನಾನು ಆ ಮನೆಗೆ ಹೋದ ವರ್ಷ ಬಿತ್ತನೆಯ ಆರಿದ್ರೆ ಮಳೆ ಬಿತ್ತು. ಹಜಾರದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ ಅಕ್ಕನನ್ನು ಕೂಗಿದರು.

"ಗಡ್ಗೆ ಇಳ್ಸು ಲಕ್ಕ. ಈ ಸಲ ಒಸಬ್ಳು ಬಿಡ್ಲಿ. ಬಂಜೆ ಮಡ್ಲಿಂದ ಬಿದ್ದಿದ್ದು ಸಾಕು."

ಅಕ್ಕ ಗಡಿಗೆ ಇಳಿಸಿದಳು. ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಕಾಳು ಬೂದಿ ತೊಳೆಸಿಕೊಂಡು ದೊಡ್ಡ ಕೊಳಗದ ನೀರಿನಲ್ಲಿ ಮುಳುಗಿತ್ತು. ಅತ್ತೆ ಕೂಗಾಡಿದರು. ಆದರೆ ನೆನೆದ ಕಾಳನ್ನು ಮತ್ತೆ ಗಡಿಗೆಗೆ ತುಂಬುವ ಹಾಗಿಲ್ಲ, ಹೊಲ ಕೆಸರಾಗಿ ಕೂರಿಗೆ ಇಳಿಸುವ ಹಾಗೂ ಇಲ್ಲ. ಅಕ್ಕ ಕಾಳನ್ನು ಹಳೆ ಸೀರೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟಳು. ಮಾರನೆಯ ದಿನ ಗಂಟು ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. ಎಲ್ಲ ಕಾಳೂ ಬಿಳಿ ಮೊಳಕೆ ಒಡೆದಿತ್ತು.

"ನೋಡಿ ಅತ್ತೆ, ಒಂದೂ ಜೊಳ್ಳಾಗಿಲ್ಲ" ಎಂದಳು.

ಆಮೇಲೆ ಅದನ್ನೆಲ್ಲ ಬೇಯಿಸಿದಳು. ಬಸ್ಸಾರು ಮಾಡಿದಳು. ಬೆಂದ ಕಾಳಿನ ನೀರು ಬಸಿದು, ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಕಾಯಿ ಅರೆದು ಹಾಕಿ ಸಾರು ಕುದಿಸಿದಳು. ಬಸಿದ ಕಾಳಿಗೆ ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಹಿತ್ತಲಿನಿಂದ ಬೀದಿಯವರೆಗೆ ಘಮ. ಆಳುಗಳಿಗೂ ಬಡಿಸಿದರು, ನೆರೆಮನೆಗೂ ಬಟ್ಟಲು ಹೋಯಿತು. ಸಾರು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದವರು ನಮ್ಮ ಯಜಮಾನರೊಬ್ಬರೇ. ಕೆಟ್ಟವರಲ್ಲ ಅವರು. ತಟ್ಟೆಯ ಆಚೆಗಿನದು ಅವರಿಗೆ ಕಾಣುತ್ತಿರಲಿಲ್ಲ ಅಷ್ಟೆ. ಕೊನೆಗೆ ಅಕ್ಕ ನನ್ನ ಮುಂದೆ ಮುದ್ದೆ ಇಟ್ಟು, ಪಲ್ಯ ಗುಡ್ಡೆ ಹಾಕಿ, "ಉಣ್ಣು ಕಣವ್ವ, ಇದು ನಿಂದೇ" ಎಂದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಅಷ್ಟು ರುಚಿಯಾದ ತಡಗುಣಿಯನ್ನು ಮತ್ತೆ ನಾನು ಕಂಡಿಲ್ಲ. ಅದನ್ನು ಹೇಳುವುದಕ್ಕೆ ಇವತ್ತಿಗೂ ಸಂಕಟವಾಗುತ್ತದೆ. ಒಬ್ಬ ಹೆಂಗಸು ತನ್ನ ಆಸೆಯನ್ನೆಲ್ಲ ಬೇಯಿಸಿ ಬಡಿಸಿದ್ದಳು, ಅದಕ್ಕೆ ಉಪ್ಪು ಹುಳಿ ಸರಿಯಾಗಿ ಹಿಡಿದಿತ್ತು.

ಆ ವರ್ಷ ಕೊಣನೂರು ಸಂತೆಯ ಬೀಜ ತಂದು ನನ್ನ ಮಡಿಲಿಗೆ ಹಾಕಿದರು. ಹೊಲದಲ್ಲಿ ತಡಗುಣಿ ಬಂತು, ನನ್ನ ಹೊಟ್ಟೆಯಲ್ಲಿ ಏನೂ ಬರಲಿಲ್ಲ. ಒಂದೆರಡು ವರ್ಷ ಕಾದರು. ಆಮೇಲೆ ಅತ್ತೆಯ ಬಾಯಿಂದ ಮಾತು ಬಿತ್ತು: "ಬಿತ್ನೆ ಬೀಜ ತಿಂದೋಳ ಒಟ್ಟೇಲಿ ಏನ್ ಉಟ್ಟಾತು?" ಊರಿಗೆ ಇಂಥ ಮಾತು ಸಿಕ್ಕರೆ ಕೇಳಬೇಕೆ? ಬಾವಿಕಟ್ಟೆಯಲ್ಲಿ ಅದೇ, ಕಣದಲ್ಲಿ ಅದೇ. ಊರು ಆಡಿಕೊಂಡರೆ ನಾನು ತಡೆದುಕೊಳ್ಳುತ್ತಿದ್ದೆ. ತಡೆಯಲಾಗದೆ ಹೋದದ್ದು ಅಕ್ಕ ಅದನ್ನು ನಂಬಿದ್ದು.

ಅವಳು ನನಗಾಗಿ ಸೋಮವಾರ ಉಪವಾಸ ಹಿಡಿದಳು. ಆಮೇಲೆ ಶುಕ್ರವಾರವೂ. ಒದ್ದೆ ಸೀರೆಯಲ್ಲಿ ನಾಗರಕಲ್ಲು ಸುತ್ತಿದಳು. ಯುದ್ಧದ ಕಾಲ, ಮೊದಲೇ ಮನೆಯಲ್ಲಿ ಕಾಳುಕಡ್ಡಿ ಬಿಗಿ. ಉಣ್ಣುವ ದಿನಗಳಲ್ಲೂ ಅವಳ ತಟ್ಟೆಯಲ್ಲಿ ಅರ್ಧ ಮುದ್ದೆ. ಒಂದು ದಿನ ಒರಳಿನ ಮುಂದೆ ಕೂತಿದ್ದಾಗ ನಾನು ಹೇಳಿಯೇಬಿಟ್ಟೆ. "ಅಕ್ಕ, ನಾನು ಬರೋಕ್ ಮುಂಚೆ ನಿಂಗೂ ಆಗಿರಲಿಲ್ವಲ್ಲ. ಅದು ನಿನ್ನ ತಪ್ಪೂ ಅಲ್ಲ, ನಂದೂ ಅಲ್ಲ. ಕಾಳಿಂದಂತೂ ಅಲ್ವೇ ಅಲ್ಲ."

ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು. "ಗಂಡುಸ್ನ ಮ್ಯಾಲೆ ಆಕ್ಬ್ಯಾಡ ಕಣೆ. ಬೇಯ್ಸಿದೋಳೂ ನಾನು, ಬಡ್ಸಿದೋಳೂ ನಾನು."

ಬಾಯಿಮಾತು ಸಾಲದೆಂದು ತವರಿನಿಂದ ತಡಗುಣಿ ತಂದು ನಾನೇ ಬೇಯಿಸಿ, ಅವಳ ಎದುರಿಗೆ ಕೂತು ಹೊಟ್ಟೆ ತುಂಬ ತಿಂದು ತೋರಿಸಿದೆ. ನನಗೆ ಇದರ ಭಯವಿಲ್ಲ ಎಂದು ಅವಳಿಗೆ ಕಾಣಲಿ ಎಂಬ ಆಸೆ. ಅವಳು ನೋಡಲಾಗದೆ ಎದ್ದು ಕೊಟ್ಟಿಗೆಗೆ ಹೋದಳು. ಸಾಕ್ಷಿ ತೋರಿಸಿ ಯಾರನ್ನೂ ದುಃಖದಿಂದ ಬಿಡಿಸಲಾಗುವುದಿಲ್ಲ ಎಂದು ಆವತ್ತು ತಿಳಿಯಿತು. ತಿಳಿದು ಪ್ರಯೋಜನವೇನೂ ಆಗಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಅಕ್ಕನಿಗೆ ಜ್ವರ ಹಿಡಿಯಿತು. ಉಪವಾಸದಿಂದ ಸೊರಗಿದ ಮೈ, ಜ್ವರಕ್ಕೆ ಹೆಚ್ಚು ಕೆಲಸವಿರಲಿಲ್ಲ. ಹತ್ತಿರ ಕೂತವಳ ಕೈ ಹಿಡಿದುಕೊಂಡು, ಆ ಕಾಳನ್ನು ನಿನಗೆ ಬಡಿಸಬಾರದಿತ್ತು ಎಂದೇ ಹೇಳುತ್ತ ಹೋದಳು. ನಾನು ಅಲ್ಲ ಅಲ್ಲ ಎನ್ನುತ್ತಲೇ ಇದ್ದೆ.

ಅವಳ ವರ್ಷಾಬ್ದಿ ಮುಗಿದ ಮೇಲೆ ಚನ್ನರಾಯಪಟ್ಟಣದಿಂದ ಮೂರನೆಯವಳನ್ನು ತಂದರು. ತಾಲ್ಲೂಕಿಗೊಂದು ಹೆಣ್ಣು ಎಂದು ಊರಿನವರು ನಕ್ಕರು, ನಾನೂ ನಕ್ಕೆ. ಗಟ್ಟಿಮುಟ್ಟಾದ ಹುಡುಗಿ. ಅಕ್ಕನ ಬೀಜದ ಒಂದು ಕಾಳನ್ನೂ ಕಂಡವಳಲ್ಲ, ತಿಂದವಳಲ್ಲ. ವರ್ಷಗಳು ಕಳೆದವು. ಅವಳಿಗೂ ಆಗಲಿಲ್ಲ. ಅತ್ತೆ ಬೇರೆ ಯಾವುದೋ ದೋಷ ಹುಡುಕಿಕೊಂಡರು. ಹುಡುಕುವವರಿಗೆ ದೋಷಕ್ಕೆ ಬರವೇ? ನಾನು ಇಷ್ಟು ವರ್ಷ ಹೇಳಿದ ಮಾತಿಗೆ ಕೊನೆಗೂ ರುಜುವಾತು ಸಿಕ್ಕಿತ್ತು. ನೋಡಬೇಕಾದವಳು ಮಣ್ಣಾಗಿದ್ದಳು. ನನಗೆ ವಾಯು ಶುರುವಾದದ್ದು ಆಗಿನಿಂದ.

ಇಷ್ಟೇ ಸಂಗತಿ. ಇವತ್ತು ಬೆಳಿಗ್ಗೆ ಹುಡುಗಿ ಕಾಳಿನ ಬಟ್ಟೆ ಬಿಚ್ಚಿಕೊಂಡು ನನ್ನ ಹತ್ತಿರ ಬಂದಳು. ಮುಖ ಸಪ್ಪಗಿತ್ತು. "ನೋಡಿ ದೊಡ್ಡಮ್ಮ, ಅರ್ಧಕ್ಕರ್ಧ ಮೊಳಕೇನೇ ಬಂದಿಲ್ಲ. ಕಾಳೇ ಸರಿಯಿಲ್ಲ ಅನ್ಸುತ್ತೆ."

ನಾನು ಬಟ್ಟೆಯೊಳಗೆ ಕೈಯಿಟ್ಟೆ. ದಪ್ಪ ಕಾಳು, ಅಕ್ಕನದಲ್ಲ. ಅದೇ ವಾಸನೆ.

"ಕಾಳಿಂದೇನೂ ತಪ್ಪಿಲ್ಲ ಕಣಮ್ಮ" ಎಂದೆ. "ಇವತ್ತು ನಂಗೂ ಇದನ್ನೇ ಬಡ್ಸು."

ಅವಳಿಗೆ ವಾಯುವಿನ ನೆನಪಾಯಿತು, ಆದರೆ ಕೇಳಲಿಲ್ಲ. ಮಧ್ಯಾಹ್ನ ತಟ್ಟೆ ತುಂಬ ಹಾಕಿಸಿಕೊಂಡು ನಿಧಾನವಾಗಿ ಅಷ್ಟನ್ನೂ ತಿಂದೆ. ಎದುರಿಗಿದ್ದ ಮಣೆಯ ಮೇಲೆ ಯಾರೂ ಕೂತಿರಲಿಲ್ಲ.