ಜ್ವರ ನೋಡಿ ಇಟ್ಟ ದಿನ

ಎಂಬತ್ತರ ದಶಕದಲ್ಲಿ ನಾನು ಕೋಲಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮಲೇರಿಯಾ ಪರೋಪಜೀವಿಯ ಪಾಠ ಮಾಡುವುದರಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅದು ಸೊಳ್ಳೆಯಿಂದ ಇಳಿದು ನೇರವಾಗಿ ಯಕೃತ್ತಿನ ಜೀವಕೋಶದೊಳಗೆ ನುಸುಳುತ್ತದೆ. ಅಲ್ಲಿ ಬಂದ ರೂಪ ಕಳಚಿ, ದುಂಡಗಾಗಿ, ಒಂದಿದ್ದದ್ದು ಸಾವಿರಾರಾಗುತ್ತದೆ. ಕೆಲವು ಮಾತ್ರ ತಿಂಗಳುಗಟ್ಟಲೆ ಅಲ್ಲೇ ಮಲಗಿಬಿಡುತ್ತವೆ. ಹೊರಬಂದವು ಕೆಂಪು ರಕ್ತಕಣ ಹೊಕ್ಕು, ಉಂಗುರದಂತೆ ಕೂತು, ಇರುವ ಮನೆಯನ್ನೇ ತಿಂದು ಬೆಳೆದು, ಒಟ್ಟಿಗೇ ಕಣ ಒಡೆದು ಹೊರಬೀಳುತ್ತವೆ. ಆಗಲೇ ಚಳಿ. ಇದನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಶಹಬ್ಬಾಸ್ ಸಿಗುತ್ತದೇನೋ ಎಂದು ಹುಡುಗರ ಮುಖ ನೋಡುತ್ತಿದ್ದೆ.

ಹಿಂದಿನ ವರ್ಷ ನನಗೇ ಬಂದು ಹೋಗಿದ್ದ ಆ ಜ್ವರ ಒಂದು ಮಳೆಗಾಲದಲ್ಲಿ ಮತ್ತೆ ಎದ್ದಿತು, ದಿನ ಬಿಟ್ಟು ದಿನ. ಮನೆಮನೆಗೆ ಬರುವ ಮಲೇರಿಯಾ ಕಾರ್ಯಕರ್ತರು ಬೆರಳು ಚುಚ್ಚಿ ರಕ್ತ ತೆಗೆದು ಮಾತ್ರೆ ಕೊಟ್ಟು ಹೋದರು. ರಕ್ತದಲ್ಲಿನ ಪರೋಪಜೀವಿ ಸತ್ತುಹೋದೀತೆಂದು ನಾನು ನುಂಗಲಿಲ್ಲ. ಕಾಲೇಜಿನ ಹಳೆಯ ಸ್ಲೈಡುಗಳ ಬಣ್ಣ ಹೋಗಿತ್ತು. ಸೋಮವಾರದ ಪ್ರಾಕ್ಟಿಕಲ್‌ನಲ್ಲಿ ನನ್ನದೇ ತಾಜಾ ರಕ್ತ ತೋರಿಸುವ ಹುಚ್ಚು. ಜ್ವರವನ್ನು ಜೋಪಾನವಾಗಿ ಸಾಕಿದ ಮೂರ್ಖ ಆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಅದೇ ಹೊತ್ತಿಗೆ ಶ್ರೀನಿವಾಸಪುರದಲ್ಲಿ ಹೆಣ್ಣು ನೋಡುವುದಿತ್ತು. ಮುಳಬಾಗಿಲಿನ ಮದುವೆಯೊಂದರಲ್ಲಿ ಆಕೆಯನ್ನು ಕಂಡಾಗಿನಿಂದ, ಮದುವೆಯಾದರೆ ಆಕೆಯನ್ನೇ ಎಂದು ಮನಸ್ಸು ಹಟ ಹಿಡಿದಿತ್ತು. ಕಾಯಿಲೆಯ ಗಂಡು ಎನ್ನಿಸಿಕೊಂಡರೆ ಕೈತಪ್ಪುತ್ತಾಳೆಂಬ ಭಯ. ಅಪ್ಪ ಪಂಚಾಂಗ ನೋಡಿ ಸೋಮವಾರ ಎಂದರು. ಸೋಮವಾರ ಚಳಿಯ ಸರದಿ, ಭಾನುವಾರ ಬಿಡುವು ಎಂದೆ.

“ಪಂಚಾಂಗ ಬಿಟ್ಟು ಜ್ವರ ನೋಡಿ ದಿನ ಇಡ್ತೀಯೇನ್ಲಾ?” ಎಂದು ಅಪ್ಪ ರೇಗಿದರು. ಆದರೂ ಭಾನುವಾರವೇ ಹೋದೆವು.

ಒಂದೇ ಮೈಯಲ್ಲಿ ಪರೋಪಜೀವಿಗಳ ಎರಡು ತಂಡ ಸೇರಿದರೆ, ಒಂದು ಸುಮ್ಮನಿದ್ದ ದಿನ ಇನ್ನೊಂದು ಕಣ ಒಡೆಯುತ್ತದೆ. ಇದನ್ನೂ ನಾನೇ ಪಾಠ ಮಾಡಿದ್ದೆ. ಆಕೆ ಕಾಫಿ ತಂದುಕೊಟ್ಟಳು. ನನ್ನ ಕೈಯಲ್ಲಿ ಲೋಟ ಬಟ್ಟಲಿಗೆ ತಾಳ ಹಾಕತೊಡಗಿತು.

“ಅಯ್ಯೋ ಪಾಪಂ, ಗಂಡಿಗೇ ಇಷ್ಟು ನಾಚ್ಕೆನಾ!” ಎಂದು ಆಕೆಯ ಅಜ್ಜಿ ನಕ್ಕರು. ನನ್ನ ಹಲ್ಲು ಕಟಕಟ ಎಂದಾಗ ನಗು ನಿಂತಿತು. ಆಕೆಯ ತಂದೆ ನನ್ನಪ್ಪನ ಮುಖ ನೋಡಿದರು. ಮುಗಿಯಿತು ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಬಂತು. ಆಕೆ ಒಳಗಿನಿಂದ ಕರಿ ಕಂಬಳಿ ತಂದಳು, ಅಜ್ಜಿ ಹೊದಿಸಿದರು.

“ಮಾತ್ರೆ ತಗೊಂಡಿಲ್ವಾ?” ಎಂದು ಆಕೆ ಕೇಳಿದಳು.

“ಇದೆ. ಜೇಬಲ್ಲಿ.”

“ಜ್ವರ ಬಂದಿರೋದು ಜೇಬಿಗಾ?”

ಪ್ರಾಕ್ಟಿಕಲ್, ಸ್ಲೈಡು ಎಂದೇನೋ ತೊದಲಿದೆ. ಆಕೆ ನೀರಿನ ಲೋಟ ಮುಂದೆ ಹಿಡಿದಳು. ಎರಡು ಮನೆಯವರ ಎದುರು, ಮುಖ ಕಿವುಚಿಕೊಂಡು, ಮಾತ್ರೆ ನುಂಗಿದೆ.

ಚಳಿ ಇಳಿದ ಮೇಲೆ ಹೊರಟೆವು. ಗಂಡು ಒಪ್ಪಿಗೆಯೋ ಅಲ್ಲವೋ ಎಂದು ಕೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಬಾಗಿಲಲ್ಲಿ ಕಂಬಳಿ ಮಡಿಸಿ ಕೊಡಹೋದೆ. ಆಕೆ ಕೈ ಚಾಚಲಿಲ್ಲ. ತನ್ನ ತಂದೆಯ ಕಡೆ ತಿರುಗಿದಳು.

“ಅವ್ರ ಹತ್ರಾನೇ ಇರ್ಲಿ ಬಿಡಪ್ಪ. ಜ್ವರ ಬಿಟ್ಮೇಲೆ ಅವ್ರೇ ತಂದ್ಕೊಡ್ಲಿ.”